ಮಾತು ಬರುತ್ತೆ, ಆದರೂ ಭಾಷೆ ಕಷ್ಟ: ಡಿಎಲ್‌ಡಿ ಇರುವ ಮಕ್ಕಳ ಜೊತೆ ನಾವು ಹೇಗೆ ಮಾತಾಡಬೇಕು

ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಧ್ಯೆ ಮಧ್ಯೆ ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರ್ತೇನೆ. ನಿಮ್ಮ ತರಗತಿಯಲ್ಲಿ 30 ಮಕ್ಕಳಿದ್ದರೆ ಅವರಲ್ಲಿ ಇಬ್ಬರಿಗೆ ಭಾಷೆಯೇ ಕಷ್ಟವಾಗಿರುವ ಸಾಧ್ಯತೆ ಇದೆ. ಕಿವಿ ಚೆನ್ನಾಗಿ ಕೇಳುತ್ತದೆ. ಆಟಿಸಂ ಇಲ್ಲ, ಬುದ್ಧಿಮಾಂದ್ಯತೆ ಇಲ್ಲ. ಮನೆಯಲ್ಲಿ ಪ್ರೀತಿಯಿಂದ ಮಾತಾಡಿಸುವವರೂ ಇದ್ದಾರೆ. ಆದರೂ, ಬೇರೆ ಮಕ್ಕಳು ಯಾರೂ ಹೇಳಿಕೊಡದೆ ತಾವಾಗಿಯೇ ಕಲಿತುಬಿಡುವ ಭಾಷೆ ಇವರಿಗೆ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಇದನ್ನು ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್ ಅಂತಾರೆ, ಚಿಕ್ಕದಾಗಿ ಡಿಎಲ್‌ಡಿ. ಮೊದಲು ಒಬ್ಬೊಬ್ಬ ತಜ್ಞರು ಒಂದೊಂದು ಹೆಸರಲ್ಲಿ ಕರೆಯುತ್ತಿದ್ದರು. 2016–17ರಲ್ಲಿ ಇಂಗ್ಲೆಂಡಿನ ಡೊರೊತಿ ಬಿಷಪ್ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ 50ಕ್ಕೂ ಹೆಚ್ಚು ತಜ್ಞರು ಚರ್ಚೆ ಮಾಡಿ ಈ ಹೆಸರಿಗೆ ಒಪ್ಪಿಕೊಂಡರು.

ಇಬ್ಬರು ಅಂತ ಯಾವ ಲೆಕ್ಕದಲ್ಲಿ ಹೇಳಿದೆ? ಇಂಗ್ಲೆಂಡಿನ ಸರ್ರೆ ಪ್ರದೇಶದಲ್ಲಿ ಕೋರ್ಟ್ನಿ ನಾರ್ಬರಿ ಮತ್ತು ಸಂಗಡಿಗರು ಆಗಷ್ಟೇ ಶಾಲೆಗೆ ಸೇರಿದ ಏಳು ಸಾವಿರಕ್ಕೂ ಹೆಚ್ಚು ಮಕ್ಕಳಿಂದ ಶುರು ಮಾಡಿ ಒಂದು ಅಧ್ಯಯನ ನಡೆಸಿ 2016ರಲ್ಲಿ ಪ್ರಕಟಿಸಿದರು. ಬೇರೆ ಯಾವ ಕಾರಣವೂ ಕಾಣದೆ ಭಾಷೆಯಲ್ಲಿ ಮಾತ್ರ ತೊಂದರೆ ಇದ್ದ ಮಕ್ಕಳು ಶೇ. 7.5ರಷ್ಟು. ಅದಕ್ಕೆ ಮೊದಲೇ, 1997ರಲ್ಲಿ, ಅಮೆರಿಕದಲ್ಲಿ ಬ್ರೂಸ್ ಟಾಂಬ್ಲಿನ್ ತಂಡಕ್ಕೂ ಶೇ. 7.4 ಸಿಕ್ಕಿತ್ತು. ಆ ಅಧ್ಯಯನದ ಇನ್ನೊಂದು ಅಂಕಿಯನ್ನು ನೀವು ನೆನಪಿಟ್ಟುಕೊಳ್ಳಬೇಕು. ತೊಂದರೆ ಇದ್ದ ಮಕ್ಕಳ ಅಪ್ಪ ಅಮ್ಮಂದಿರಲ್ಲಿ, 'ನಿಮ್ಮ ಮಗುವಿಗೆ ಮಾತು, ಭಾಷೆಯ ಸಮಸ್ಯೆ ಇದೆ' ಅಂತ ಅಲ್ಲಿಯವರೆಗೆ ಯಾರಾದರೂ ಹೇಳಿದ್ದು ಶೇ. 29ರಷ್ಟು ಜನರಿಗೆ ಮಾತ್ರ. ಉಳಿದವರಿಗೆ ಗೊತ್ತೇ ಇರಲಿಲ್ಲ. ಪ್ರತಿ ಕ್ಲಾಸಲ್ಲೂ ಇರುವ ತೊಂದರೆ ಇದು, ಆದರೂ ಕಣ್ಣಿಗೆ ಬೀಳುವುದಿಲ್ಲ.

ಯಾಕೆ ಬೀಳಲ್ಲ ಅಂದರೆ, ಈ ಮಕ್ಕಳು ಮಾತಾಡ್ತಾರೆ. ಐದಾರು ವರ್ಷದ ಹೊತ್ತಿಗೆ ಉಚ್ಚಾರಣೆಯೂ ಹೆಚ್ಚುಕಡಿಮೆ ಸರಿಯಾಗಿರುತ್ತದೆ. 'ಟೀ ಬೇಕು', 'ಸ್ಕೂಲ್‌ಗೆ ಹೋಗಲ್ಲ', 'ಅಮ್ಮ ಬಾ' ಎಲ್ಲಾ ಬರುತ್ತದೆ. ನಮಗೆ ಅಷ್ಟೇ ಸಾಕು, ಮಾತು ಬಂತು ಅಂದುಕೊಳ್ತೇವೆ. ನಿಜವಾದ ಕಷ್ಟ ಉದ್ದದ ವಾಕ್ಯದಲ್ಲಿ, ನಡೆದದ್ದನ್ನು ಕ್ರಮವಾಗಿ ಹೇಳುವುದರಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬೇರೆಯವರು ಹೇಳಿದ್ದು ಅರ್ಥವಾಗುವುದರಲ್ಲಿ ಇರುತ್ತದೆ.

ಶಾಲೆಯ ಆಟದ ಮೈದಾನದಲ್ಲಿ ಮೇಲಿಂದ ಮೇಲೆ ನಡೆಯುವ ಒಂದು ಸಂಗತಿ ಹೇಳ್ತೇನೆ. ಇಬ್ಬರು ಹುಡುಗರು ಜಗಳ ಆಡ್ತಾರೆ. ಟೀಚರ್ ಬಂದು 'ಏನಾಯ್ತು? ಯಾರು ಮೊದಲು ತಳ್ಳಿದ್ದು?' ಅಂತ ಕೇಳ್ತಾರೆ. ಒಬ್ಬ ಹೇಳ್ತಾನೆ: 'ಮಿಸ್, ನಾನು ಬಾಲ್ ತಗೊಳ್ಳೋಕೆ ಬಗ್ಗಿದಾಗ ಇವನೇ ಹಿಂದಿನಿಂದ ಬಂದು ತಳ್ಳಿದ.' ಇನ್ನೊಬ್ಬನಿಗೆ ಡಿಎಲ್‌ಡಿ. ಅವನು ಹೇಳೋದು: 'ಅವನು... ಬಾಲ್ ನಾನು... ಮೊದ್ಲು ಅವನು ನಾನು ತಳ್ಳಿ... ಅದು...' 'ಅವನು ನನ್ನ' ಅಂತ ಬರಬೇಕಾದ ಕಡೆ 'ಅವನು ನಾನು' ಅಂತ ಬಂದಿದೆ. ಯಾರು ಯಾರನ್ನ ತಳ್ಳಿದ್ದು ಅನ್ನೋದೇ ತಿಳಿಯಲ್ಲ. ತಳ್ಳಿಸಿಕೊಂಡವನು ಇವನೇ ಆಗಿದ್ದರೂ ಟೀಚರಿಗೆ ಅರ್ಥ ಆಗೋದು ಮೊದಲನೆಯವನ ಕಥೆ ಮಾತ್ರ. ಶಿಕ್ಷೆ ಇವನಿಗೆ ಬೀಳುತ್ತದೆ. ಇದು ನಾಲ್ಕು ಸಲ ಆದ ಮೇಲೆ ಐದನೇ ಸಲ ಅವನು ಬಾಯಿ ತೆರೆಯಲ್ಲ, ಕೈ ಎತ್ತುತ್ತಾನೆ. ಆಗ 'ಒರಟ', 'ಹಠಮಾರಿ' ಅನ್ನುವ ಹೆಸರು ಬರುತ್ತದೆ. ಹೆಣ್ಣುಮಕ್ಕಳಾದರೆ ಜಾಸ್ತಿ ಗಲಾಟೆ ಮಾಡದೆ ಸುಮ್ಮನೆ ಹಿಂದಿನ ಬೆಂಚಲ್ಲಿ ಕೂತುಬಿಡ್ತಾರೆ. 'ತುಂಬಾ ನಾಚಿಕೆ ಸ್ವಭಾವ' ಅಂತ ರಿಪೋರ್ಟ್ ಕಾರ್ಡಲ್ಲಿ ಬರೀತಾರೆ, ಅಲ್ಲಿಗೆ ಮುಗೀತು. ಮ್ಯಾಂಚೆಸ್ಟರಿನಲ್ಲಿ ಇಂಥ ಮಕ್ಕಳನ್ನು ಏಳನೇ ವಯಸ್ಸಿನಿಂದ ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. 16ನೇ ವಯಸ್ಸಿಗೆ ಬಂದಾಗ ಅವರಲ್ಲಿ ಆತಂಕ ಮತ್ತು ಖಿನ್ನತೆ ಬೇರೆ ಮಕ್ಕಳಿಗಿಂತ ಹೆಚ್ಚಾಗಿ ಕಂಡಿತು.

ಈಗ ನಮ್ಮ ಕನ್ನಡಕ್ಕೆ ಬರೋಣ. ಕನ್ನಡದಲ್ಲಿ ಅರ್ಥದ ಭಾರವೆಲ್ಲ ಪದದ ಬಾಲದಲ್ಲಿರುತ್ತದೆ. 'ನಾಯಿ ಓಡಿಸಿದ ಬೆಕ್ಕು' ಅಂದರೆ ಓಡಿಹೋದದ್ದು ಬೆಕ್ಕು. 'ನಾಯೀನ ಓಡಿಸಿದ ಬೆಕ್ಕು' ಅಂದರೆ ಓಡಿಹೋದದ್ದು ನಾಯಿ. ವ್ಯತ್ಯಾಸ ಎಷ್ಟು? ಒಂದು 'ನ'. ವೇಗವಾಗಿ ಮಾತಾಡುವಾಗ ಅದು ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ನಮ್ಮ ಕಿವಿ ಅದನ್ನು ತಾನಾಗಿ ಹಿಡಿಯುತ್ತದೆ, ಈ ಮಗುವಿಗೆ ಅದು ಜಾರಿಹೋಗುತ್ತದೆ. 'ಹೋಗಬೇಕಿತ್ತು' ಅಂದರೆ ಹೋಗಲಿಲ್ಲ ಅಂತ ಅರ್ಥ, 'ಹೋಗಬಾರದಿತ್ತು' ಅಂದರೆ ಹೋಗಿದ್ದಾಯ್ತು ಅಂತ ಅರ್ಥ. ಇಷ್ಟೆಲ್ಲಾ ಒಂದೇ ಪದದ ಕೊನೆಯಲ್ಲಿ ಅಡಗಿದೆ.

ಇನ್ನೊಂದು. 'ಊಟ ಮಾಡೋಕೆ ಮುಂಚೆ ಕೈ ತೊಳ್ಕೋ.' ಮಗುವಿನ ಕಿವಿಗೆ ಮೊದಲು ಬೀಳೋದು ಊಟ, ಆಮೇಲೆ ಕೈ. ಮಾಡಬೇಕಾದ ಕ್ರಮ ಮಾತ್ರ ಉಲ್ಟಾ. ಕನ್ನಡದಲ್ಲಿ 'ಮುಂಚೆ' ಇರುವ ಮಾತು ಸಾಮಾನ್ಯವಾಗಿ ಹೀಗೇ ಉಲ್ಟಾ ಇರುತ್ತದೆ. ಈ ಮಗು ತಟ್ಟೆ ಮುಂದೆ ಕೂತು ತಿನ್ನೋಕೆ ಶುರು ಮಾಡಿದರೆ ಅದು ಮಾತು ಕೇಳದ ಮಗು ಅಲ್ಲ, ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಮಾಡಿದ ಮಗು. 'ಮೊದಲು ಕೈ ತೊಳಿ. ಆಮೇಲೆ ಊಟ.' ಹೀಗೆ ಹೇಳಿ ನೋಡಿ. ಎರಡು ತುಂಡು, ಎರಡರ ಮಧ್ಯೆ ಒಂದು ಉಸಿರು. ಖರ್ಚಿಲ್ಲದ ಸಹಾಯ ಇದು, ಇವತ್ತು ಸಂಜೆಯಿಂದಲೇ ಶುರು ಮಾಡಬಹುದು.

ಗಣಿತದಲ್ಲೂ ಇದೇ ಕಥೆ. '13 ಕಳೆ 4' ಬೋರ್ಡಲ್ಲಿ ಬರೆದರೆ ಮಾಡ್ತಾರೆ. 'ರಾಜು ಹತ್ತಿರ 9 ಪೆನ್ಸಿಲ್ ಇವೆ, ಅದು ಸೀತಾ ಹತ್ತಿರ ಇರುವುದಕ್ಕಿಂತ 4 ಕಡಿಮೆ, ಹಾಗಾದರೆ ಸೀತಾ ಹತ್ತಿರ ಎಷ್ಟು?' ಅಂದರೆ 'ಕಡಿಮೆ' ಅನ್ನೋ ಪದ ಹಿಡಿದು 9ರಲ್ಲಿ 4 ಕಳೆದು 5 ಅಂತ ಬರೀತಾರೆ. ಆ ಮಗುವಿಗೆ ಲೆಕ್ಕದ ಟ್ಯೂಷನ್ ಹಾಕಿಸ್ತೇವೆ. ಕಷ್ಟ ಇರೋದು ಲೆಕ್ಕದಲ್ಲಿ ಅಲ್ಲವೇ ಅಲ್ಲ.

ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು: 'ಇವರಪ್ಪನೂ ನಾಲ್ಕು ವರ್ಷಕ್ಕೇ ಮಾತು ಕಲಿತದ್ದು, ಈಗ ಕೆಲಸದಲ್ಲಿದ್ದಾನೆ. ಕಾದು ನೋಡೋದು ತಪ್ಪಾ?' ಅಜ್ಜಿಯ ಪ್ರಶ್ನೆ ಬಹಳ ಒಳ್ಳೆಯದು. ಎರಡು ವರ್ಷಕ್ಕೆ ಮಾತು ಕಡಿಮೆ ಇರುವ ಮಕ್ಕಳಲ್ಲಿ ಹಲವರು ಮುಂದೆ ಸರಿಹೋಗ್ತಾರೆ, ಅದು ನಿಜ. ಆದರೆ ಅಪ್ಪನಿಗೂ ಹಾಗೇ ಇತ್ತು ಅನ್ನೋದು ಸಮಾಧಾನದ ಮಾತಲ್ಲ, ಎಚ್ಚರಿಕೆಯ ಮಾತು. ಡಿಎಲ್‌ಡಿಯಲ್ಲಿ ವಂಶದ ಪಾಲು ಸಾಕಷ್ಟಿದೆ, ಅವಳಿ ಮಕ್ಕಳ ಅಧ್ಯಯನಗಳಿಂದ ಅದು ಗೊತ್ತಾಗಿದೆ. ಮನೆಯಲ್ಲಿ ಯಾರಿಗಾದರೂ ಮಾತು ತಡವಾಗಿದ್ದರೆ, ಓದು ಬರಹ ಕಷ್ಟವಾಗಿದ್ದರೆ, ಇನ್ನೂ ಬೇಗ ತೋರಿಸಬೇಕು. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸಿ ಮಾತಾಡದಿದ್ದರೆ ಕಾಯಬೇಡಿ. ಐದು ವರ್ಷ ದಾಟಿದ ಮೇಲೂ ಉಳಿದಿರುವ ತೊಂದರೆ ತಾನಾಗಿ ಹೋಗುವುದು ಕಡಿಮೆ.

ನಾಲಿಗೆಗೆ ಬಜೆ ತೇಯ್ದು ಹಚ್ಚುವವರಿದ್ದಾರೆ, ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ಇವುಗಳಿಂದ ವಾಕ್ಯ ಅರ್ಥವಾಗೋದು ಹೆಚ್ಚಾಗಲ್ಲ. ಡಿಎಲ್‌ಡಿ ನಾಲಿಗೆಯ ತೊಂದರೆ ಅಲ್ಲ. ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ಅಮ್ಮನನ್ನು ಬೈಯುವುದನ್ನೂ ದಯವಿಟ್ಟು ನಿಲ್ಲಿಸಿ. ಮೊಬೈಲ್ ಕಡಿಮೆ ಮಾಡೋದು ಒಳ್ಳೆಯದೇ, ಆ ಹೊತ್ತಲ್ಲಿ ಮಾತು ನಡೆಯುತ್ತದೆ. ಆದರೆ ಡಿಎಲ್‌ಡಿ ಬಂದದ್ದು ಅಮ್ಮ ಮಾತಾಡಿಸದೇ ಇದ್ದದ್ದರಿಂದ ಅಲ್ಲ. ಎಷ್ಟೋ ಅಮ್ಮಂದಿರು ಈ ಅಪರಾಧಿ ಭಾವದಲ್ಲೇ ನನ್ನ ಮುಂದೆ ಕೂತು ಅತ್ತಿದ್ದಾರೆ.

ಇದಕ್ಕಿಂತ ಹೆಚ್ಚು ಹಾನಿ ಮಾಡುವ ಸಲಹೆ ಇನ್ನೊಂದಿದೆ, ಅದರ ಬಗ್ಗೆ ನನಗೆ ತುಂಬಾ ಸಂಕಟ ಇದೆ. 'ಮಗು ಕನ್‌ಫ್ಯೂಸ್ ಆಗ್ತಿದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ.' ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಇದು ನಮ್ಮಲ್ಲಿ ಸಾಮಾನ್ಯ. ಎರಡು ಮೂರು ಭಾಷೆ ಕೇಳುವುದರಿಂದ ಡಿಎಲ್‌ಡಿ ಬರೋದಿಲ್ಲ. ಕೆನಡಾದಲ್ಲಿ ಯೊಹಾನ್ ಪ್ಯಾರಾಡಿಸ್ ಮತ್ತಿತರರು ಫ್ರೆಂಚ್, ಇಂಗ್ಲಿಷ್ ಎರಡನ್ನೂ ಆಡುವ ಇಂಥ ಮಕ್ಕಳನ್ನು, ಇದೇ ತೊಂದರೆ ಇದ್ದು ಒಂದೇ ಭಾಷೆ ಆಡುವ ಮಕ್ಕಳ ಜೊತೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಎರಡು ಭಾಷೆಯ ಮಕ್ಕಳು ಹಿಂದೆ ಬಿದ್ದಿರಲಿಲ್ಲ. ಹಾಗಿದ್ದರೂ ನಮ್ಮಲ್ಲಿ ಈ ಸಲಹೆ ನಿಂತಿಲ್ಲ. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೂ ಇದೇ ಮಾತು ಹೇಳಿ ಕಳಿಸ್ತಾರೆ.

ಆಮೇಲೆ ಏನಾಗುತ್ತೆ ಗೊತ್ತಾ? ಅಪ್ಪ ಅಮ್ಮ ತಮಗೆ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ 'ಕಮ್, ಈಟ್, ಸಿಟ್, ನೋ' ಅಷ್ಟಕ್ಕೇ ನಿಂತುಬಿಡ್ತಾರೆ. ಕಥೆ ಇಲ್ಲ, ತಮಾಷೆ ಇಲ್ಲ, ಬೈಗುಳವೂ ಸರಿಯಾಗಿ ಇಲ್ಲ. ಅಜ್ಜ ಅಜ್ಜಿಗಂತೂ ಮೊಮ್ಮಗುವಿನ ಜೊತೆ ಮಾತೇ ನಿಂತುಹೋಗುತ್ತದೆ. ಹೆಚ್ಚು ಮಾತು ಬೇಕಾದ ಮಗುವಿಗೇ ನಾವು ಕಡಿಮೆ ಮಾತು ಕೊಟ್ಟ ಹಾಗಾಯಿತು. ನಿಮಗೆ ನಿರಾಯಾಸವಾಗಿ ಬರುವ ಭಾಷೆಯಲ್ಲೇ ಮಾತಾಡಿ. ಪರೀಕ್ಷೆ ಮಾಡಿಸುವಾಗಲೂ ಮನೆಭಾಷೆ ಯಾವುದು ಅಂತ ಮೊದಲೇ ಹೇಳಿ. ನಿಜವಾದ ಡಿಎಲ್‌ಡಿ ಮಗು ಆಡುವ ಎಲ್ಲಾ ಭಾಷೆಯಲ್ಲೂ ಕಾಣಿಸುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಪಟಪಟ ಮಾತಾಡಿ, ಕಥೆ ಹೇಳಿ, ಶಾಲೆಯ ಇಂಗ್ಲಿಷಿನಲ್ಲಿ ಮಾತ್ರ ತಡವರಿಸುವ ಮಗುವಿಗೆ ಬೇಕಾದದ್ದು ಇಂಗ್ಲಿಷ್ ಕಲಿಯಲು ಸಮಯ, ಚಿಕಿತ್ಸೆ ಅಲ್ಲ. ಕನ್ನಡದಲ್ಲೇ ಪರೀಕ್ಷಿಸಲು ಸಾಧನಗಳಿವೆ. ಪ್ರತಿಭಾ ಕಾರಂತ ಅವರು ರೂಪಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಅಂಥದ್ದೊಂದು.

ಈಗ ಮನೆಯಲ್ಲಿ ಏನು ಮಾಡಬೇಕು ಅನ್ನೋದು. ಮಗು 'ಅಜ್ಜಿ ನಿನ್ನೆ ಬರ್ತಾರೆ' ಅಂತು ಅಂದುಕೊಳ್ಳಿ. ನಮ್ಮ ಅಭ್ಯಾಸ ಏನು? 'ತಪ್ಪು! ಬಂದ್ರು ಅನ್ನು. ಎಲ್ಲಿ ಹೇಳು, ಬಂ-ದ್ರು.' ಮಗು ಹೇಳುತ್ತೆ, ಆದರೆ ಅಜ್ಜಿಯ ಬಗ್ಗೆ ಹೇಳಬೇಕು ಅಂದುಕೊಂಡದ್ದು ಅಲ್ಲೇ ಉಳಿಯುತ್ತದೆ. ಹಾಗೆ ಮಾಡುವ ಬದಲು, 'ಹೌದಲ್ವಾ, ಅಜ್ಜಿ ನಿನ್ನೆ ಬಂದ್ರು! ಬಸ್ಸಲ್ಲಿ ಬಂದ್ರು. ಚಕ್ಕುಲಿ ತಂದ್ರು' ಅಂತ ಅದೇ ಮಾತನ್ನು ಸರಿಯಾದ ರೂಪದಲ್ಲಿ ವಾಪಸ್ ಕೊಡಿ. ಮಗುವಿನಿಂದ ಮತ್ತೆ ಹೇಳಿಸಬೇಡಿ. ತಾನು ಆಡಿದ ಮಾತು, ಆಡಿದ ಕೂಡಲೇ, ಸರಿಯಾದ ರೂಪದಲ್ಲಿ ಕಿವಿಗೆ ಬೀಳುವಾಗ ವ್ಯತ್ಯಾಸ ಗಮನಕ್ಕೆ ಬರುವುದು ಹೆಚ್ಚು. ಒಂದೆರಡು ಸಲ ಅಲ್ಲ, ಬಹಳ ಸಲ ಬೀಳಬೇಕು.

ಅದಕ್ಕೆ ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಕೆಲವು ವಾರ ಒಂದೇ ಒಂದನ್ನು ಹಿಡಿದುಕೊಳ್ಳಿ. ಈಗ 'ಗೆ' ಪ್ರತ್ಯಯ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ದೋಸೆ ಹಾಕುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಬಿಸಿ ಕಾವಲಿಯಿಂದ ಸ್ವಲ್ಪ ದೂರ. 'ಇದು ಯಾರಿಗೆ? ಅಪ್ಪನಿಗೆ. ಅಪ್ಪನಿಗೆ ದೋಸೆ. ಇದು ಅಕ್ಕನಿಗೆ. ಅಕ್ಕನಿಗೆ ದೊಡ್ಡ ದೋಸೆ. ಇದು...?' ಅಂತ ನಿಲ್ಲಿಸಿ, ಮಗುವಿನ ಮುಖ ನೋಡಿ ಕಾಯಿರಿ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಕಾಯೋದು ಬಹಳ ಕಷ್ಟ, ಆರಕ್ಕೆ ಬರುವಷ್ಟರಲ್ಲಿ ನಮ್ಮ ಬಾಯಿ ತಾನಾಗಿ ತೆರೆಯುತ್ತದೆ. ತಡೆದುಕೊಳ್ಳಿ. 'ಪುಟ್ಟಿ' ಅಂದರೆ 'ಹ್ಞಾ, ಪುಟ್ಟಿಗೆ! ಪುಟ್ಟಿಗೆ ದೋಸೆ' ಅನ್ನಿ. ತಟ್ಟೆ ಕೊಡಲು ಮಗುವನ್ನೇ ಕಳಿಸಿ, 'ಇದು ಅಪ್ಪನಿಗೆ ಕೊಡು'. ಒಂದು ಬೆಳಗಿನ ತಿಂಡಿಯಲ್ಲಿ 'ಗೆ' ಅದರ ಕಿವಿಗೆ ಎಷ್ಟು ಸಲ ಬಿತ್ತು ನೋಡಿ, ಅದೂ ಪ್ರತಿ ಸಲ ಅರ್ಥದ ಜೊತೆಗೇ. ಸ್ಪೀಚ್ ಥೆರಪಿಸ್ಟ್ ಹತ್ತಿರ ವಾರಕ್ಕೆ ಒಂದು ಗಂಟೆ ಸಿಗಬಹುದು, ದೋಸೆ ಮನೆಯಲ್ಲೇ ಆಗುತ್ತಲ್ವಾ.

ಇನ್ನೊಂದು ಅಭ್ಯಾಸ ಬಿಡಬೇಕು. 'ಇದೇನು? ಇದರ ಬಣ್ಣ ಯಾವುದು? ಅಂಕಲ್‌ಗೆ ಹೇಳು' ಅಂತ ದಿನವಿಡೀ ಪರೀಕ್ಷೆ ನಡೆಸೋದು. ಪ್ರಶ್ನೆ ಕಡಿಮೆ ಮಾಡಿ, ಮಗು ನೋಡುತ್ತಿರುವುದರ ಬಗ್ಗೆ ನೀವೇ ಮಾತಾಡಿ.

ಶಾಲೆಯವರಿಗೆ ನನ್ನ ಮೊದಲ ಕೋರಿಕೆ: 'ಅರ್ಥ ಆಯ್ತಾ?' ಅಂತ ಕೇಳಬೇಡಿ. ಈ ಮಕ್ಕಳು ಯಾವಾಗಲೂ 'ಹೂಂ ಮಿಸ್' ಅಂತಾರೆ. ಅವರಿಗೆ ಅದು ರಕ್ಷಣೆ. 'ಈಗ ಏನು ಮಾಡ್ಬೇಕು, ನೀನೇ ಹೇಳು' ಅನ್ನಿ, ಆಗ ಗೊತ್ತಾಗುತ್ತದೆ. 'ಪುಸ್ತಕ ತೆಗೆದು, 22ನೇ ಪುಟ ನೋಡಿ, ಮೂರನೇ ಪ್ರಶ್ನೆಗೆ ಉತ್ತರ ಬರೆದು, ಮುಗಿದವರು ನನ್ನ ಹತ್ತಿರ ತನ್ನಿ' ಅನ್ನುವ ವಾಕ್ಯವನ್ನು ನಾಲ್ಕು ತುಂಡು ಮಾಡಿ, ಪುಟದ ಸಂಖ್ಯೆಯನ್ನು ಬೋರ್ಡಲ್ಲಿ ಬರೆಯಿರಿ. ನೋಡಿದ್ದು ಅಲ್ಲೇ ಉಳಿದಿರುತ್ತದೆ, ಕೇಳಿದ್ದು ಆ ಕ್ಷಣಕ್ಕೇ ಹೋಗಿಬಿಡುತ್ತದೆ. ಹಾಗಾಗಿ ಚಿತ್ರ, ಸನ್ನೆ, ವಸ್ತು, ಏನು ಸಿಕ್ಕಿದರೂ ಮಾತಿನ ಜೊತೆ ಸೇರಿಸಿ.

ಹೊಸ ಪದಗಳಿಗೆ ಹೆಚ್ಚು ಸಮಯ ಕೊಡಿ. ವಿಜ್ಞಾನದಲ್ಲಿ 'ಆವಿಯಾಗುವಿಕೆ' ಬಂದರೆ ಒಂದು ಸಲ ವ್ಯಾಖ್ಯೆ ಬರೆಸಿದರೆ ಆಗಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮೇಲೆ ಬರೋದು ಆವಿ, ಅದನ್ನು ಮಗು ನೋಡಿದೆ, ಅಲ್ಲಿಂದ ಶುರು ಮಾಡಿ. ಪದವನ್ನು ತುಂಡು ಮಾಡಿ ಚಪ್ಪಾಳೆ ಹೊಡೆಸಿ, ಆ-ವಿ-ಯಾ-ಗು-ವಿ-ಕೆ. ಒದ್ದೆ ಸ್ಲೇಟು ಬಿಸಿಲಲ್ಲಿಡಿ. ಮರುದಿನ ಮತ್ತೆ, ಮುಂದಿನ ವಾರ ಮತ್ತೆ. ಪದದ ಸದ್ದು ಮತ್ತು ಅರ್ಥ ಎರಡೂ ಬೇರೆ ಬೇರೆಯಾಗಿ ನೆನಪಲ್ಲಿ ಕೂರಬೇಕು, ಈ ಮಕ್ಕಳಿಗೆ ಎರಡಕ್ಕೂ ಹೆಚ್ಚು ಸಲ ಬೇಕು.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಬಗ್ಗೆ ಒಂದು ಮಾತು ಹೇಳಲೇಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಈ ಪದ್ಧತಿ ಡಿಎಲ್‌ಡಿಗೆ ಅಂತ ಮಾಡಿದ್ದಲ್ಲ. ಆದರೆ ಚಿಕ್ಕ ಗುಂಪು, ಚಿತ್ರದ ಕಾರ್ಡು, ಹಾಡು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತೋದು, ಇವೆಲ್ಲ ಈ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಕಾರ್ಡು ಹೋಗಿ ಪಾಠ ಬರುತ್ತದೆ, ಪಾಠದಲ್ಲಿ ಪುಸ್ತಕದ ಕನ್ನಡ ಬರುತ್ತದೆ. 'ಇಲ್ಲಿಯವರೆಗೆ ಚೆನ್ನಾಗಿದ್ದ, ಈಗ ಯಾಕೋ ಹಿಂದೆ ಬಿದ್ದ' ಅನ್ನುವ ದೂರು ನಾನು ಜಾಸ್ತಿ ಕೇಳೋದು ಆಗಲೇ. ನಾಲ್ಕು ಐದನೇ ತರಗತಿಯ ಮೇಷ್ಟ್ರುಗಳು ಆ ಕಾರ್ಡುಗಳನ್ನು ಬೀರುವಿನಿಂದ ಮತ್ತೆ ಹೊರಗೆ ತೆಗೆಯಲಿ ಅಂತ ನನ್ನ ಆಸೆ.

ಎಲ್ಲಿ ತೋರಿಸಬೇಕು? ಮೊದಲು ಶ್ರವಣ ಪರೀಕ್ಷೆ, ಇದನ್ನು ಬಿಡಲೇಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನ ಆಯಿಷ್ ಅಂತ ಕರೆಯೋದು ಅದನ್ನೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲಾಗದವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಬಳಸಿಕೊಳ್ಳಿ. 2013ರಲ್ಲಿ ಶುರುವಾದ ಇದರ ತಪಾಸಣೆ ಪಟ್ಟಿಯಲ್ಲಿ ಭಾಷಾ ಬೆಳವಣಿಗೆಯ ವಿಳಂಬವೂ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬರಬೇಕು ಅನ್ನೋದು ನಿಯಮ. ತಂಡ ಬಂದಾಗ ತೂಕ, ಹಲ್ಲು, ಕಣ್ಣು ನೋಡಿ ಮುಂದೆ ಹೋಗುವ ಮೊದಲು 'ಈ ಮಗುವಿನ ಮಾತು ನೋಡಿ' ಅಂತ ಟೀಚರೇ ಮುಂದೆ ಬಂದು ಹೇಳಬೇಕು. ಅಲ್ಲಿಂದ ಜಿಲ್ಲಾ ಆರಂಭಿಕ ಹಸ್ತಕ್ಷೇಪ ಕೇಂದ್ರಕ್ಕೆ ಕಳಿಸ್ತಾರೆ. ಖಾಸಗಿಯಾಗಿ ಹೋಗುವವರು ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ, ಅಂದರೆ ಆರ್‌ಸಿಐ ನಂಬರ್, ಇದೆಯಾ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ.

ಕಾನೂನಿನ ಬಗ್ಗೆ ಒಬ್ಬ ತಂದೆ ಕೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಡಿಎಲ್‌ಡಿ ಅನ್ನುವ ಹೆಸರು ಅಲ್ಲಿಲ್ಲ. 'ಮಾತು ಮತ್ತು ಭಾಷೆಯ ಅಂಗವೈಕಲ್ಯ' ಅಂತ ಒಂದು ಬಗೆ ಇದೆ, ಆದರೆ ಅದರ ವಿವರಣೆಯಲ್ಲಿ ಬರೋದು ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಅಫೇಸಿಯಾ ಆದವರು, ಅಂದರೆ ಮೆದುಳಿಗೆ ಪೆಟ್ಟಾಗಿ ಭಾಷೆ ಕಳೆದುಕೊಂಡವರು. ನಮ್ಮ ಮಕ್ಕಳಿಗೆ ಹತ್ತಿರವಾದದ್ದು ನಿರ್ದಿಷ್ಟ ಕಲಿಕಾ ನ್ಯೂನತೆ ಅನ್ನುವ ಬಗೆ. ಅದರ ವಿವರಣೆಯಲ್ಲಿ ಬರೆಯುವ ಭಾಷೆಯ ಜೊತೆ ಆಡುವ ಭಾಷೆಯನ್ನು ಗ್ರಹಿಸುವ ತೊಂದರೆಯನ್ನೂ ಹೇಳಿದ್ದಾರೆ, 'ಡೆವಲಪ್‌ಮೆಂಟಲ್ ಅಫೇಸಿಯಾ' ಅಂತ ಡಿಎಲ್‌ಡಿಗೆ ಮೊದಲಿದ್ದ ಒಂದು ಹೆಸರೂ ಅಲ್ಲಿದೆ. ಡಿಎಲ್‌ಡಿ ಇರುವ ಬಹಳಷ್ಟು ಮಕ್ಕಳಿಗೆ ಓದಿದ್ದನ್ನು ಅರ್ಥ ಮಾಡಿಕೊಳ್ಳೋದೂ ಕಷ್ಟವಾಗಿರುತ್ತದೆ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋಗುವಾಗ ಈ ವಿವರಣೆಯ ಪ್ರತಿ ಮತ್ತು ಥೆರಪಿಸ್ಟ್ ಕೊಟ್ಟ ಭಾಷಾ ಪರೀಕ್ಷೆಯ ವರದಿ ಎರಡನ್ನೂ ಜೊತೆಗೆ ಇಟ್ಟುಕೊಳ್ಳಿ. ಹತ್ತನೇ ತರಗತಿಗೆ ಬಂದ ಮೇಲೆ ಓಡಾಡಬೇಡಿ, ಅದಕ್ಕೆ ಬಹಳ ಮುಂಚೆಯೇ ಶುರು ಮಾಡಿ.

ಕೊನೆಯ ಪ್ರಶ್ನೆ ಒಬ್ಬ ಅಮ್ಮನದ್ದು. 'ಇದನ್ನ ಮಗಳಿಗೆ ಹೇಳಬೇಕಾ? ಹೇಳಿದರೆ ಕುಗ್ಗಿಹೋಗಲ್ವಾ?'

ಹೇಳಿ. ಎಂಟು ಒಂಬತ್ತು ವರ್ಷದ ಮಗುವಿಗೆ ತನಗೆ ಏನೋ ಆಗಿದೆ ಅನ್ನೋದು ಈಗಾಗಲೇ ಗೊತ್ತಿರುತ್ತದೆ. ನಾವು ಹೇಳದಿದ್ದರೆ 'ನಾನು ದಡ್ಡಿ' ಅಂತ ತಾನೇ ತೀರ್ಮಾನ ಮಾಡಿಕೊಂಡಿರುತ್ತಾಳೆ. 'ನಿನಗೆ ಚಿತ್ರ ಬರೆಯೋದು, ಸೈಕಲ್ ಹೊಡೆಯೋದು ಬೇಗ ಬಂತು. ಉದ್ದುದ್ದ ಮಾತು ಅರ್ಥ ಮಾಡ್ಕೊಳ್ಳೋದು, ಹೊಸ ಪದ ನೆನಪಿಟ್ಕೊಳ್ಳೋದು ಮಾತ್ರ ನಿನಗೆ ಕಷ್ಟ. ಬೇರೆ ಎಷ್ಟೋ ಮಕ್ಕಳಿಗೂ ಹೀಗಿರುತ್ತೆ. ಅದಕ್ಕೆ ಡಿಎಲ್‌ಡಿ ಅಂತ ಹೆಸರು. ನೀನು ಸೋಮಾರಿ ಅಲ್ಲ.' ಇಷ್ಟು ಸಾಕು. ಇದರ ಜೊತೆ ಒಂದು ವಾಕ್ಯ ಕಲಿಸಿಕೊಡಿ, ಮನೆಯಲ್ಲಿ ಆಟ ಆಡುತ್ತಾ ಅಭ್ಯಾಸ ಮಾಡಿಸಿ: 'ಮಿಸ್, ಇನ್ನೊಂದು ಸಲ ನಿಧಾನವಾಗಿ ಹೇಳ್ತೀರಾ?' ಅವಳು ಇದನ್ನು ಕ್ಲಾಸಲ್ಲಿ ಕೇಳುವ ಮೊದಲೇ ನೀವು ಶಾಲೆಗೆ ಹೋಗಿ ಮಿಸ್ ಹತ್ತಿರ ಮಾತಾಡಿಬನ್ನಿ. ಹೀಗೊಂದು ಪ್ರಶ್ನೆ ಬರುತ್ತೆ, ಬಂದಾಗ ಬೈಯಬೇಡಿ ಅಂತ ಮೊದಲೇ ಹೇಳಿಡಿ.